ಹೊಕ್ಕುಳಿಂದ ಎರಡು ಬೆರಳು ಮೇಲೆ

ಮೋನುವಿನ ಹೊಕ್ಕುಳು ಜಾರಿದೆ ಎಂದು ಮೊದಲು ಪತ್ತೆ ಹಚ್ಚಿದವಳು ಅವನ ಹೆಂಡತಿ ಖದೀಜ. ಸೊಂಟ ನೋವು, ಹೊಟ್ಟೆಯಲ್ಲಿ ಎಂಥದೋ ಭಾರ ಎಂದು ಅವನು ಎರಡು ತಿಂಗಳಿಂದ ಗೊಣಗುತ್ತಿದ್ದ. ಗಲ್ಫಿನ ಮುಸಫ್ಫಾದ ಪೈಪ್ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಕಬ್ಬಿಣದ ಜೊತೆ ಗುದ್ದಾಡಿದವನಿಗೆ ಸೊಂಟ ನೋಯದೆ ಇನ್ನೇನು ಎಂದು ಮಗ ರಾಝಿಕ್ ಒಂದು ಮುಲಾಮು ತಂದುಕೊಟ್ಟ. ಖದೀಜ ಮುಲಾಮನ್ನು ನಂಬುವವಳಲ್ಲ. ಒಂದು ಭಾನುವಾರ ಮುಂಜಾನೆಯ ಸುಬಹ್ ನಮಾಝ್ ಮುಗಿದ ಮೇಲೆ ಗಂಡನನ್ನು ಬರಿಹೊಟ್ಟೆಯಲ್ಲಿ ಹಾಲ್‌ನ ಕಾರ್ಪೆಟ್ ಮೇಲೆ ಅಂಗಾತ ಮಲಗಿಸಿ, ಐದು ಬೆರಳು ಕೂಡಿಸಿ ಹೊಕ್ಕುಳ ಮೇಲಿಟ್ಟಳು. ಮಿಡಿತ ಇರಬೇಕಾದ ಕಡೆ ಇರಲಿಲ್ಲ. ಎರಡು ಬೆರಳು ಮೇಲೆ, ಸ್ವಲ್ಪ ಎಡಕ್ಕೆ, ಬುಟ್ಟಿಯಡಿ ಕವುಚಿಟ್ಟ ಕೋಳಿಯ ಹಾಗೆ ಏನೋ ಧಡ್ ಧಡ್ ಎಂದು ಬಡಿಯುತ್ತಿತ್ತು.

"ಇಲ್ಲಿ ಬಂದು ಕೂತಿದೆ ನೋಡಿ," ಎಂದಳು. "ಇಷ್ಟು ಜೋರಾಗಿ ಜಾರಿದ್ದನ್ನು ನಾನು ಯಾರ ಹೊಟ್ಟೆಯಲ್ಲೂ ಕಂಡಿಲ್ಲ."

"ನೀನು ಎಷ್ಟು ಹೊಟ್ಟೆ ಕಂಡಿದ್ದೀ?"

"ನನ್ನ ಉಮ್ಮ ಕಂಡಿದ್ದಾರೆ. ಸುಮ್ಮನೆ ಮಲಗಿ."

ಅವಳ ತಾಯಿ ಬೀಯಮ್ಮನಿಗೆ ಈಗ ಎಂಬತ್ತೆರಡು. ಉಳ್ಳಾಲದಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾಳೆ. ಹೊಕ್ಕುಳು ಕೂರಿಸುವುದರಲ್ಲಿ ಆಸುಪಾಸಿನ ನಾಲ್ಕು ಊರಿಗೆ ಹೆಸರಾದವಳು. ಖದೀಜ ಫೋನಿನಲ್ಲಿ ಲಕ್ಷಣ ಹೇಳಿದ ಕೂಡಲೇ ಅಪ್ಪಣೆಯಾಯಿತು: "ತೆಂಗಿನೆಣ್ಣೆ ಬಿಸಿ ಮಾಡು. ಮಿಡಿಯುವ ಕಡೆಯಿಂದ ಹೊಕ್ಕುಳಿಗೆ ಒತ್ತಿ ಒತ್ತಿ ಇಳಿಸು. ಹೆಬ್ಬೆರಳಲ್ಲಿ ಒತ್ತು, ಹೆದರಬೇಡ. ಅದು ಹಟ ಮಾಡ್ತದೆ. ಬಿಡಬಾರದು."

ಖದೀಜ ಬಿಡಲಿಲ್ಲ. ಆ ಭಾನುವಾರ ಒತ್ತಿದಳು, ಮುಂದಿನ ಭಾನುವಾರವೂ ಒತ್ತಿದಳು. ಮೋನು ಹಲ್ಲು ಕಚ್ಚಿ ಮಲಗಿದ. ನೋವು ಹೋಗಲಿಲ್ಲ. ಕೊನೆಗೆ ಕಂಪೆನಿಯ ಡಾಕ್ಟರ್ ಕಿಡ್ನಿಯಲ್ಲಿ ಕಲ್ಲಿರಬಹುದೆಂದು ಸ್ಕ್ಯಾನ್‌ಗೆ ಬರೆದುಕೊಟ್ಟರು. ರಾಝಿಕ್ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಆಫೀಸಿಗೆ ರಜೆ ಹಾಕಿ, ಬಾಪನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಮಧ್ಯಾಹ್ನ ಇಬ್ಬರೂ ಬಂದಾಗ ಖದೀಜ ಅಕ್ಕಿಹಿಟ್ಟಿನ ಪತ್ತಿರ್ ತಟ್ಟುತ್ತಿದ್ದಳು.

"ಕಲ್ಲಾ?"

"ಕಲ್ಲಿಲ್ಲ," ಎಂದ ರಾಝಿಕ್. ಶೂ ಬಿಚ್ಚಲಿಕ್ಕೆ ಅವನು ತುಂಬ ಹೊತ್ತು ತೆಗೆದುಕೊಂಡ. "ಗ್ಯಾಸು. ಒಂದು ರಕ್ತದ ನರ ಸ್ವಲ್ಪ ಉಬ್ಬಿದೆಯಂತೆ. ಇನ್ನೊಂದು ಸ್ಕ್ಯಾನ್ ಉಂಟು. ಆಮೇಲೆ ಸಣ್ಣ ಟ್ರೀಟ್‌ಮೆಂಟು. ಒಂದೂವರೆ ತಿಂಗಳು ಬಿಟ್ಟು."

"ಗ್ಯಾಸಿಗೆ ಒಂದೂವರೆ ತಿಂಗಳು ಕಾಯುವುದಾ?"

"ಇಲ್ಲಿ ಎಲ್ಲದಕ್ಕೂ ಅಪಾಯಿಂಟ್‌ಮೆಂಟ್ ಅಲ್ವಾ ಉಮ್ಮ."

ಮೋನು ಮಗನ ಮಾತಿಗೆ ತಲೆಯಾಡಿಸಿದ. ಡಾಕ್ಟರ್ ಈಜಿಪ್ಟಿನವರು, ಮಾತೆಲ್ಲ ಇಂಗ್ಲಿಷಿನಲ್ಲಿ. ಮೋನುವಿಗೆ ವರ್ಕ್‌ಶಾಪಿನ ಇಂಗ್ಲಿಷ್ ಬರುತ್ತದೆ, ಆಸ್ಪತ್ರೆಯದ್ದು ಬರುವುದಿಲ್ಲ.

ಆ ವಾರದಿಂದ ಮನೆಯ ರೀತಿ ಬದಲಾಯಿತು. ನೀರಿನ ದೊಡ್ಡ ಬಾಟಲಿಯನ್ನು ಬಾಗಿಲಿಂದ ಅಡುಗೆಮನೆಗೆ ತರುವುದು ಯಾವತ್ತೂ ಮೋನುವಿನ ಕೆಲಸ. ಈಗ ರಾಝಿಕ್ ಅದನ್ನು ಬೆಳಿಗ್ಗೆ ದುಬೈಗೆ ಹೊರಡುವ ಮೊದಲೇ ಒಳಗೆ ತಂದಿಡತೊಡಗಿದ. ಸೊಸೆ ನುಸ್ರತ್ ಸಾರಿಗೆ ಉಪ್ಪು ಕಡಿಮೆ ಹಾಕಿದಳು. ಇದನ್ನೆಲ್ಲ ಖದೀಜ ಸಹಿಸಿಕೊಂಡಳು. ಸಹಿಸಲಾಗದ್ದು ಬೇರೆ ಇತ್ತು. ಏಳು ವರ್ಷದ ಮೊಮ್ಮಗಳು ಹಫ್ಸ, ಅಜ್ಜ ಕೆಲಸದಿಂದ ಬಂದ ಕೂಡಲೇ ಓಡಿಹೋಗಿ ಮೈಮೇಲೆ ಹಾರುವವಳು. ಅವನು ಅವಳನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸುತ್ತಿದ್ದ. ಈಗ ನುಸ್ರತ್ ಬಾಗಿಲ ಬೆಲ್ ಆದ ಕೂಡಲೇ ಮಗಳ ರಟ್ಟೆ ಹಿಡಿದು ಒಳಗೆ ಎಳೆಯುತ್ತಿದ್ದಳು.

"ಮಮ್ಮಾ, ಲೀವ್ ಮಿ!"

"ಅಜ್ಜನಿಗೆ ಸುಸ್ತಾಗಿದೆ. ಹೋಂವರ್ಕ್ ಮಾಡು."

ಮೂರು ದಿನ ನೋಡಿ ನಾಲ್ಕನೆಯ ದಿನ ಊಟಕ್ಕೆ ಕೂತಾಗ ಖದೀಜ ಸಿಡಿದಳು.

"ನುಸ್ರತ್, ನನ್ನ ಗಂಡನಿಗೆ ಎಂತ ಕುಷ್ಠ ಉಂಟಾ?"

"ಎಂತ ಮಾತು ಮಾಮಿ ಇದು?"

"ಮಗುವನ್ನು ಮುಟ್ಟಲಿಕ್ಕೆ ಬಿಡುವುದಿಲ್ಲ ನೀನು. ಕಬ್ಬಿಣದ ಧೂಳು ಅಂಟ್ತದೆ ಅಂತವಾ? ಆ ಧೂಳಿನಲ್ಲೇ ನಿನ್ನ ಗಂಡ ಓದಿ ಟೈ ಕಟ್ಟಿದ್ದು."

ನುಸ್ರತ್‌ಳ ಕಣ್ಣು ರಾಝಿಕ್‌ನ ಕಡೆ ಹೋಯಿತು. ಅವನು ಬಂಗುಡೆಯ ಮುಳ್ಳು ಬಿಡಿಸುತ್ತಾ ತಲೆ ಎತ್ತಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಮ್ದಾನ್ ಸ್ಟ್ರೀಟ್‌ನ ಟೈಪಿಂಗ್ ಸೆಂಟರಿನಲ್ಲಿ ದಿನಕ್ಕೆ ಐವತ್ತು ಜನರ ವೀಸಾ ಫಾರ್ಮ್ ತುಂಬಿ, ಐವತ್ತು ಜನರ ಬೈಗುಳ ತಿಂದು ಬರುವ ಹುಡುಗಿ. ಉತ್ತರ ಕೊಡದೆ ಏಳುವವಳಲ್ಲ. ಇವತ್ತು ಎದ್ದಳು ಎಂದರೆ ತಪ್ಪು ಅವಳದ್ದೇ ಎಂದು ಖದೀಜ ತೀರ್ಮಾನಿಸಿದಳು.

ಮೂರನೆಯ ಭಾನುವಾರವೂ ಅವಳು ಒತ್ತಿದಳು. ಮಿಡಿತ ಒಂದಿಷ್ಟೂ ಕೆಳಗಿಳಿದಿರಲಿಲ್ಲ.

ನಾಲ್ಕನೆಯ ಭಾನುವಾರ ಹಫ್ಸಳಿಗೆ ಜ್ವರ. ನೀರು ತೆಗೆದುಕೊಳ್ಳಲಿಕ್ಕೆಂದು ನುಸ್ರತ್ ಬೆಳ್ಳಂಬೆಳಿಗ್ಗೆ ಕೋಣೆಯಿಂದ ಹೊರಬಂದಳು. ಹಾಲ್‌ನಲ್ಲಿ ಮಾವ ಅಂಗಿ ಎತ್ತಿಕೊಂಡು ಮಲಗಿದ್ದ. ಅತ್ತೆ ಮೊಣಕಾಲೂರಿ, ಎಣ್ಣೆ ಹಚ್ಚಿದ ಎರಡೂ ಹೆಬ್ಬೆರಳನ್ನು ಅವನ ಹೊಟ್ಟೆಯಲ್ಲಿ ಊರಿ, ಮೈಯ ಭಾರವೆಲ್ಲ ಹಾಕಿ ಒತ್ತುತ್ತಿದ್ದಳು.

ನುಸ್ರತ್ ಕಿರುಚಿದ್ದು ಕೆಳಗಿನ ಮಹಡಿಯವರೆಗೂ ಕೇಳಿರಬೇಕು. ಗ್ಲಾಸು ಬಿತ್ತು. ಅವಳು ಓಡಿಬಂದು ಅತ್ತೆಯ ಎರಡೂ ಕೈಗಳನ್ನು ಹಿಡಿದು ಹಿಂದಕ್ಕೆಳೆದಳು. ಖದೀಜ ಕಾರ್ಪೆಟ್ ಮೇಲೆ ಕುಂಡೆ ಊರಿ ಬಿದ್ದಳು.

"ಕೈ ತೆಗೀರಿ! ಅಲ್ಲಾಹ್, ಕೈ ತೆಗೀರಿ ಮಾಮಿ! ಒಡೆದು ಹೋದ್ರೆ ಐದು ನಿಮಿಷ ಸಹ ಸಿಗುವುದಿಲ್ಲ!"

"ಎಂತ ಒಡೆಯುವುದು? ನಿನಗೆ ತಲೆ ಸರಿ ಉಂಟಾ?"

"ರಾಝಿಕ್! ಬನ್ನಿ ಹೊರಗೆ! ನೀವೇ ಹೇಳಿ ಇನ್ನು. ನನ್ನಿಂದ ಆಗುವುದಿಲ್ಲ!"

ರಾಝಿಕ್ ಲುಂಗಿ ಕಟ್ಟಿಕೊಳ್ಳುತ್ತಾ ಬಂದ. ಎಣ್ಣೆಯ ಬಟ್ಟಲು, ಬಾಪನ ಹೊಟ್ಟೆ, ಉಮ್ಮನ ಕೈ ಎಲ್ಲ ನೋಡಿದ. ಸೋಫಾದ ಅಂಚಿನಲ್ಲಿ ಕೂತು ನೆಲ ನೋಡುತ್ತಾ ಹೇಳಿದ. ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ. ಎರಡು ಸೆಂಟಿಮೀಟರ್ ಇರಬೇಕಾದದ್ದು ಆರರ ಹತ್ತಿರಕ್ಕೆ ಉಬ್ಬಿದೆ. ಗೋಡೆ ತೆಳ್ಳಗಾಗಿದೆ. ಯಾವಾಗ ಬೇಕಾದರೂ ಒಡೆಯಬಹುದು. ಒಡೆದರೆ ಹೆಚ್ಚಿನವರು ಆಸ್ಪತ್ರೆಗೆ ಮುಟ್ಟುವುದಿಲ್ಲ.

ಖದೀಜ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಳು. ಎಣ್ಣೆಯಲ್ಲಿ ಮಿನುಗುತ್ತಿದ್ದವು. ಕೈಗಳನ್ನು ತೊಡೆಯ ಅಡಿಗೆ ಸೇರಿಸಿ ಅದುಮಿಟ್ಟಳು.

ಮೋನು ಮೆಲ್ಲ ಎದ್ದು ಕೂತು ಅಂಗಿ ಇಳಿಸಿದ.

"ಗೋಡೆ ಎಷ್ಟು ದಪ್ಪ ಉಳಿದಿದೆ?"

"ಎಂತ ಬಾಪ?"

"ಪೈಪಿನ ಗೋಡೆ. ಎಷ್ಟು ಮಿಲಿ?"

"ಅದು ಗೊತ್ತಿಲ್ಲ."

"ಪ್ರೆಷರ್ ಎಷ್ಟರವರೆಗೆ ತಡೀತದೆ ಅಂತ ಕೇಳಿದ್ಯಾ?"

"ಬಾಪ, ಅದು ಹಾಗೆಲ್ಲ..."

"ಮೂವತ್ತೊಂದು ವರ್ಷ ಪೈಪು ಟೆಸ್ಟ್ ಮಾಡಿದವನು ನಾನು. ಗೋಡೆ ತೆಳ್ಳಗಾದ ಲೈನ್ ಉಂಟಲ್ಲ, ಅದರ ಹತ್ತಿರ ನಾವು ಬೋರ್ಡ್ ಹಾಕ್ತೇವೆ. ಕೆಂಪು ಟೇಪು ಕಟ್ತೇವೆ. ಜನರನ್ನು ದೂರ ಓಡಿಸ್ತೇವೆ." ಅವನ ಧ್ವನಿ ಏರಲಿಲ್ಲ. "ನನ್ನ ಹೊಟ್ಟೆಯ ಪೈಪು. ನನಗೇ ಹೇಳ್ಲಿಲ್ಲ ನೀನು. ಮೊನ್ನೆ ಗುರುವಾರ ನಾನು ಮತ್ತು ಹೆಲ್ಪರ್ ನಿಶಾಂತ್ ಸೇರಿ ಎಂಟಿಂಚಿನ ವಾಲ್ವ್ ಎತ್ತಿದ್ದೇವೆ. ಗೊತ್ತುಂಟಾ?"

"ಎತ್ತಬೇಡಿ ಅಂತ ಹೇಳಿದ್ದೆ ನಾನು!"

"ಸೊಂಟಕ್ಕೆ ಒಳ್ಳೆಯದಲ್ಲ ಅಂತ ಹೇಳಿದ್ದೀ. ಸಾಯ್ತೀರಿ ಅಂತ ಹೇಳಿದ್ಯಾ?"

"ಉಮ್ಮನಿಗೆ ಬಿಪಿ. ಸೋದರಮಾವ ತೀರಿಕೊಂಡಾಗ ಉಮ್ಮನಿಗೆ ಮೂರು ದಿನ ಡ್ರಿಪ್ ಹಾಕಿದ್ರು. ನಿಮಗೆ ಹೆದರಿಕೆಯಾದ್ರೆ ನಿಮ್ಮ ಪ್ರೆಷರ್ ಏರ್ತದೆ, ಅದೂ ಅಪಾಯವೇ. ನಾನು ಯಾರಿಗೆ ಹೇಳುವುದು? ಒಬ್ಬನೇ ತಲೆ ಮೇಲೆ ಹೊತ್ತುಕೊಂಡು ದಿನಾ ದುಬೈಗೆ ಹೋಗಿ ಬಂದಿದ್ದೇನೆ!"

"ಒಬ್ಬನೇ ಅಲ್ಲ," ಎಂದಳು ನುಸ್ರತ್, ಗ್ಲಾಸಿನ ಚೂರು ಆಯುತ್ತಾ. "ನನ್ನ ಬಾಯಿಗೂ ಬೀಗ ಹಾಕಿದ್ರಿ. ಬೈಗುಳ ತಿಂದದ್ದು ನಾನು."

ಖದೀಜ ಒಂದೇ ಮಾತು ಕೇಳಿದಳು. "ನಾನು ನಾಲ್ಕು ಸಲ ಒತ್ತಿದ್ದೇನೆ. ಏನಾದ್ರೂ ಆಗಿದೆಯಾ?"

ರಾಝಿಕ್ ಫೋನ್ ತೆಗೆದು ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಹುಡುಕತೊಡಗಿದ.

ಬುಧವಾರ ಡಾಕ್ಟರ್ ಬಳಿ ನಾಲ್ವರೂ ಹೋದರು. ಮೋನುವಿನ ಹಟ. ಡಾಕ್ಟರ್ ಪರದೆಯ ಮೇಲೆ ಚಿತ್ರ ತೋರಿಸಿದರು. ಬೆನ್ನುಮೂಳೆಯ ಮುಂದೆ ಇಳಿದುಬಂದ ಕೊಳವೆ, ನಡುವೆ ಒಂದು ಗಡ್ಡೆಯ ಹಾಗೆ ಉಬ್ಬು. ಹೊಟ್ಟೆ ಕೊಯ್ದು ಸರಿ ಮಾಡೋಣವೆಂದರೆ, ನಲವತ್ತು ವರ್ಷ ಸಿಗರೇಟು ಸೇದಿದ ಶ್ವಾಸಕೋಶ ಅದನ್ನು ತಡೆಯಲಿಕ್ಕಿಲ್ಲ. ಅದಕ್ಕೇ ಎರಡು ತೊಡೆಸಂದಿಯಲ್ಲಿ ಸಣ್ಣ ತೂತು. ಅಲ್ಲಿಂದ ತಂತಿಯ ಮೇಲೆ ಮಡಚಿದ ಬಟ್ಟೆಯ ಕೊಳವೆಯನ್ನು ಮೇಲಕ್ಕೆ ಕಳಿಸಿ, ಉಬ್ಬಿನ ಒಳಗೆ ಬಿಚ್ಚುವುದು. ರಕ್ತ ಹೊಸ ಕೊಳವೆಯೊಳಗೆ ಹರಿಯುತ್ತದೆ, ಹಳೆಯ ಗೋಡೆಗೆ ಒತ್ತಡ ಬೀಳುವುದಿಲ್ಲ. ಆದರೆ ಉಬ್ಬು ಕಿಡ್ನಿಯ ನಾಳಗಳಿಗೆ ತೀರ ಹತ್ತಿರ ಶುರುವಾಗಿದೆ. ಆ ನಾಳಗಳಿಗೆ ಕಿಟಕಿ ಬಿಟ್ಟು, ಮೋನುವಿನ ಅಳತೆಗೇ ಕೊಳವೆ ಹೊಲಿಸಬೇಕು. ಅದು ಹೊರದೇಶದಲ್ಲಿ ತಯಾರಾಗಿ ಬರಲಿಕ್ಕೆ ಇನ್ನೂ ನಾಲ್ಕು ವಾರ.

"ಲೈನರ್," ಎಂದ ಮೋನು. "ಹಳೆ ಪೈಪಿನೊಳಗೆ ಲೈನರ್ ಹಾಕುವುದು. ನಾವೂ ಮಾಡ್ತೇವೆ."

ನುಸ್ರತ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಡಾಕ್ಟರ್ ಮೊದಲ ಸಲ ನಕ್ಕರು. ಖದೀಜ ಸೊಸೆಯ ಬುರ್ಖಾದ ತೋಳು ಜಗ್ಗಿದಳು.

"ನಾನು ಒತ್ತಿದ್ದು ಹೇಳು."

"ಬೇಡ ಮಾಮಿ. ಆದದ್ದಾಯ್ತು."

"ಹೇಳು ಅಂದೆ."

ನುಸ್ರತ್ ಹೇಳಿದಳು. ಡಾಕ್ಟರರ ನಗು ನಿಂತಿತು. ಎಷ್ಟು ಸಲ ಎಂದು ಕೇಳಿದರು. ಖದೀಜ ತಾನೇ ನಾಲ್ಕು ಬೆರಳು ಎತ್ತಿ ತೋರಿಸಿದಳು. ಅವರು ಏನೋ ಬರೆದುಕೊಂಡು, ಅಂದೇ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಹಿಂದಿನದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಬಂತು. ಒತ್ತಿದ್ದರಿಂದ ಎಂದು ಹೇಳಲಾಗದು, ಅಳತೆಯಲ್ಲಿ ಅಷ್ಟು ಆಚೆ ಈಚೆ ಆಗುತ್ತದೆ ಎಂದರು ಡಾಕ್ಟರ್. ಎರಡು ಮಿಲಿ ಯಾವ ಗೇಜಿನಲ್ಲೂ ತಪ್ಪು ಬರ್ತದೆ ಎಂದು ಮೋನು ಕೂಡ ಹೇಳಿದ. ಖದೀಜಳ ಕಿವಿಗೆ ಬಿದ್ದದ್ದು ಎರಡು ಮಿಲಿ ಎಂಬುದೊಂದೇ. ಮನೆಗೆ ಬಂದವಳು ಹಫ್ಸಳ ಸ್ಕೇಲ್ ತೆಗೆದು ಎರಡು ಮಿಲಿಯ ಜಾಗವನ್ನು ಉಗುರಿನಲ್ಲಿ ಅಳೆದು ನೋಡಿದಳು.

ಕೆಲಸ ನಿಂತಿತು. ಮೋನು ಮನೆಯಲ್ಲೇ ಕೂತ. ಅಷ್ಟು ವರ್ಷ ಬೆಳಿಗ್ಗೆ ಐದೂಮುಕ್ಕಾಲಿಗೆ ಕಂಪೆನಿ ಬಸ್ಸು ಹತ್ತಿದ ಮನುಷ್ಯ ಈಗ ಕಿಟಕಿಯಿಂದ ಬಸ್ಸು ಹೋಗುವುದನ್ನು ನೋಡುತ್ತಿದ್ದ. ಖದೀಜ ಅವನನ್ನು ಮುಟ್ಟುವುದನ್ನೇ ಬಿಟ್ಟಳು. ಚಹಾದ ಗ್ಲಾಸನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಸರಿಯುತ್ತಿದ್ದಳು. ಹಾಸಿಗೆಯಲ್ಲಿ ಇಬ್ಬರ ನಡುವೆ ದಿಂಬು ಇಟ್ಟಳು. ನಿದ್ದೆಯಲ್ಲಿ ತನ್ನ ಕೈ ಹೋಗಿ ಅವನ ಹೊಟ್ಟೆಗೆ ಬಡಿದರೆ?

ಅವನು ಕೆಮ್ಮಿದರೆ ಅವಳು ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬರುವಳು. ಮಲಬದ್ಧತೆಯಾಗಿ ತಿಣುಕಿದರೆ ಅಪಾಯವೆಂದು ಯಾರೋ ಹೇಳಿದ್ದೇ ಸರಿ, ದಿನಕ್ಕೆ ಮೂರು ಬಾಳೆಹಣ್ಣು, ಮೆಂತೆಗಂಜಿ, ಮಲಗುವಾಗ ನೆನೆಸಿದ ಒಣದ್ರಾಕ್ಷಿ. ಅವನು ಬಾತ್‌ರೂಮಿಗೆ ಹೋದರೆ ಬಾಗಿಲ ಹೊರಗೆ ನಿಲ್ಲುವಳು. ಎರಡು ನಿಮಿಷ ಸದ್ದಿಲ್ಲದಿದ್ದರೆ ತಟ್ಟುವಳು.

"ಕೇಳ್ತಾ ಉಂಟಾ?"

ಮತ್ತೆ ತಟ್ಟುವಳು.

"ಇದ್ದೇನೆ ಮಾರಾಯ್ತಿ! ಸತ್ತರೆ ನಾನೇ ಹೇಳ್ತೇನೆ!"

ಹಫ್ಸ ಬಿದ್ದು ಬಿದ್ದು ನಗುವಳು. ಅವಳೊಬ್ಬಳಿಗೆ ಇದೆಲ್ಲ ಆಟ. ಕಾಗದಕ್ಕೆ ಕೆಂಪು ಬಣ್ಣ ಬಳಿದು, "ಡೇಂಜರ್, ಡೋಂಟ್ ಜಂಪ್" ಎಂದು ಬರೆದು ಅಜ್ಜನ ಕುರ್ಚಿಗೆ ಅಂಟಿಸಿದ್ದಳು. ಮೋನು ಅದನ್ನು ಕೀಳಲು ಬಿಡಲಿಲ್ಲ. "ಈ ಮನೆಯಲ್ಲಿ ಸೇಫ್ಟಿ ಗೊತ್ತಿರುವುದು ಇವಳೊಬ್ಬಳಿಗೆ," ಎಂದು ಮಗನಿಗೆ ಕೇಳುವಂತೆ ಹೇಳಿದ. ರಾಝಿಕ್ ಜೊತೆ ಅವನ ಮಾತು ಇನ್ನೂ ಸರಿಹೋಗಿರಲಿಲ್ಲ.

ಬೀಯಮ್ಮ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಗ್ಯಾಸಿನ ಕತೆಯನ್ನೇ ಖದೀಜ ಅಲ್ಲಿ ಮುಂದುವರಿಸಿದ್ದಳು. ಮೂರನೆಯ ವಾರದ ಮಧ್ಯಾಹ್ನವೊಂದರಲ್ಲಿ ಉಮ್ಮ ಗದರಿದಳು:

"ಇನ್ನೂ ಇಳಿದಿಲ್ವಾ? ನೀನು ಸರಿ ಒತ್ತಲಿಲ್ಲ. ನಿನ್ನ ಕೈಯಲ್ಲಿ ಬಲ ಇಲ್ಲ. ಮೋನುವನ್ನು ವಿಮಾನ ಹತ್ತಿಸು. ನಾನೇ ನೋಡ್ತೇನೆ."

ಖದೀಜಳಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದಳು. ರಕ್ತನಾಳ, ಉಬ್ಬು, ತೆಳ್ಳಗಿನ ಗೋಡೆ. ಎರಡು ಬೆರಳು ಮೇಲೆ ಜೋರಾಗಿ ಮಿಡಿದದ್ದು ಹೊಕ್ಕುಳಲ್ಲ, ಅದೇ ಎಂದು.



"ಉಮ್ಮ? ಇದ್ದೀರಾ?"

"ಬೀಡಿ ಡಿಪೋದ ಮಮ್ಮುಂಞಿ," ಎಂದಳು ಬೀಯಮ್ಮ. ಅವಳ ಧ್ವನಿ ಎಲ್ಲೋ ದೂರದಿಂದ ಬಂದಂತಿತ್ತು. "ನಿನಗೆ ನೆನಪಿರಲಿಕ್ಕಿಲ್ಲ. ನೀನು ಸಣ್ಣವಳು. ಸೊಂಟ ನೋವು ಅಂತ ಬಂದಿದ್ದ. ಹೀಗೇ ಮೇಲೆ ಹತ್ತಿತ್ತು, ಬಡೀತಾ ಇತ್ತು. ನಾನು ಚೆನ್ನಾಗಿ ಒತ್ತಿ ಕಳಿಸಿದೆ. ಮನೆ ಮುಟ್ಟಿದವನು ಮೆಟ್ಟಿಲಲ್ಲಿ ಕೂತ. ಕೂತಲ್ಲೇ ಹೋದ. ಹಾರ್ಟು ಅಂದ್ರು."

"ಹಾರ್ಟೇ ಇರಬಹುದು ಉಮ್ಮ."

"ಇರಬಹುದು."

ಫೋನು ಇಟ್ಟದ್ದು ಯಾರೆಂದು ಖದೀಜಳಿಗೆ ತಿಳಿಯಲಿಲ್ಲ. ಆಮೇಲೆ ಬೀಯಮ್ಮ ಫೋನ್ ಮಾಡಲಿಲ್ಲ. ಬಾಗಿಲಿಗೆ ಯಾರು ಬಂದರೂ ಕೈ ನೋಯುತ್ತದೆಂದು ಉಮ್ಮ ವಾಪಸು ಕಳಿಸುತ್ತಿದ್ದಾಳೆ ಎಂದು ತಮ್ಮನ ಹೆಂಡತಿ ಒಂದು ದಿನ ತಿಳಿಸಿದಳು.

ಕೊಳವೆ ಹೇಳಿದ ದಿನಕ್ಕೆ ಬರಲಿಲ್ಲ. ಒಂದು ವಾರ ತಡವೆಂದು ಆಸ್ಪತ್ರೆಯಿಂದ ಮೆಸೇಜು. ಆ ಸಂಜೆ ಮೋನುವಿಗೆ ಬೆನ್ನಿನಲ್ಲಿ ನೋವು ಎದ್ದಿತು. ಅವನು ಹೇಳಲಿಲ್ಲ. ಕುರ್ಚಿಯ ಕೈ ಬಿಗಿಯಾಗಿ ಹಿಡಿದದ್ದನ್ನು ಖದೀಜ ಕಂಡಳು. ರಾಝಿಕ್ ಇನ್ನೂ ದುಬೈ ರಸ್ತೆಯಲ್ಲಿ. ನುಸ್ರತ್ ಆಂಬುಲೆನ್ಸ್ ಕರೆದಳು. ಲಿಫ್ಟಿನಲ್ಲಿ ಸ್ಟ್ರೆಚರಿನ ಪಕ್ಕ ನಿಂತು ಖದೀಜ ಓದಬೇಕೆಂದುಕೊಂಡ ದುಆ ಒಂದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಮೆಟ್ಟಿಲ ಮೇಲೆ ಕೂತ ಮಮ್ಮುಂಞಿ.

ಒಡೆದಿರಲಿಲ್ಲ. ಆದರೆ ಇನ್ನು ಮನೆಗೆ ಕಳಿಸುವುದಿಲ್ಲವೆಂದು ಡಾಕ್ಟರ್ ಅಲ್ಲೇ ಉಳಿಸಿಕೊಂಡರು. ಏಳು ದಿನ ಖದೀಜ ಬೆಳಿಗ್ಗೆ ಗಂಜಿಯ ಡಬ್ಬ ಹಿಡಿದು ಹೋಗಿ, ಹಾಸಿಗೆಯಿಂದ ಮೂರು ಮಾರು ದೂರದ ಕುರ್ಚಿಯಲ್ಲಿ ಕೂತು ಬಂದಳು.

"ಹತ್ತಿರ ಬಾ. ಕಚ್ಚುವುದಿಲ್ಲ," ಎನ್ನುವನು ಮೋನು.

"ಇಲ್ಲೇ ಸಾಕು."

ಎಂಟನೆಯ ದಿನ ಬೆಳಿಗ್ಗೆ ಅವನನ್ನು ಒಯ್ದರು. ಒಯ್ಯುವ ಮೊದಲು ಮೋನು ಮಗನನ್ನು ಕರೆದ. ಏನೋ ದೊಡ್ಡದು ಹೇಳುತ್ತಾನೆಂದು ರಾಝಿಕ್ ಬಗ್ಗಿದ.

"ಡಾಕ್ಟರ್ ಹೊರಗೆ ಬಂದು ಎಂತ ಹೇಳಿದ್ರೂ, ಅದನ್ನೇ ನಿನ್ನ ಉಮ್ಮನಿಗೆ ಹೇಳು. ಗ್ಯಾಸು ಅಂತ ಹೇಳಬೇಡ."

"ಇಲ್ಲ ಬಾಪ," ಎಂದ ರಾಝಿಕ್. ಅವನಿಗೆ ಅಳು ಬಂತು. ಟೈ ಇಲ್ಲದ ಕುತ್ತಿಗೆಯನ್ನು ಉಜ್ಜಿಕೊಂಡ.

ಮೂರು ಗಂಟೆ ಎಂದಿದ್ದರು. ಮೂರು ಕಳೆಯಿತು, ನಾಲ್ಕು ಕಳೆಯಿತು. ನುಸ್ರತ್ ಸ್ಯಾಂಡ್‌ವಿಚ್ ತಂದಳು, ಯಾರೂ ತಿನ್ನಲಿಲ್ಲ. ಐದನೆಯ ಗಂಟೆಗೆ ಖದೀಜ ಸೊಸೆಯ ಕೈ ಹಿಡಿದಳು. ಆವತ್ತು ಊಟಕ್ಕೆ ಕೂತಾಗ ಆಡಿದ ಕುಷ್ಠದ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ.

"ನೀನು ಆ ದಿನ ನೀರಿಗೆ ಏಳದಿದ್ರೆ?"

"ಎದ್ದೆನಲ್ಲ ಮಾಮಿ."

"ಇನ್ನೊಂದು ಸಲ ಒತ್ತಿದ್ರೆ?"

"ಒತ್ತಲಿಲ್ಲವಲ್ಲ. ಕೈ ಬಿಡಿ ಸ್ವಲ್ಪ, ಉಗುರು ಚುಚ್ತಾ ಉಂಟು."

ಐದೂವರೆ ಗಂಟೆ ಕಳೆದ ಮೇಲೆ ಡಾಕ್ಟರ್ ಬಂದರು. ರಾಝಿಕ್ ಅವರ ಒಂದೊಂದೇ ವಾಕ್ಯವನ್ನು, ನಡುವೆ ಏನೂ ಬಿಡದೆ, ಉಮ್ಮನಿಗೆ ಹೇಳಿದ. ಕೊಳವೆ ಕೂತಿದೆ. ಎಡ ಕಿಡ್ನಿಯ ಕಿಟಕಿ ಸಿಗಲಿಕ್ಕೆ ಕಷ್ಟವಾಯಿತು, ಅದಕ್ಕೆ ತಡ. ಸದ್ಯಕ್ಕೆ ಸೋರಿಕೆ ಇಲ್ಲ. ಮುಂದೆ ಸೋರಬಹುದು. ಒಂದು ತಿಂಗಳಿಗೆ, ಆರು ತಿಂಗಳಿಗೆ, ಆಮೇಲೆ ಬದುಕಿರುವಷ್ಟು ಕಾಲ ವರ್ಷ ವರ್ಷ ಸ್ಕ್ಯಾನ್ ಮಾಡಿಸಬೇಕು.

"ಅಂದ್ರೆ ಹೆದರಿಕೆ ಮುಗಿಯಲಿಲ್ಲ," ಎಂದಳು ಖದೀಜ.

"ಮುಗಿಯಲಿಲ್ಲ ಉಮ್ಮ," ಎಂದ ಅವನು.

ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಮೋನು ಕಣ್ಣು ಮುಚ್ಚಿ ಅಂಗಾತ ಮಲಗಿದ್ದ, ಹಾಲ್‌ನ ಕಾರ್ಪೆಟ್ ಮೇಲೆ ಮಲಗುತ್ತಿದ್ದ ಹಾಗೆಯೇ. ನರ್ಸ್ ಲೂರ್ದ್, ಬಜ್ಪೆಯವಳು, ಏಳು ದಿನಗಳಲ್ಲಿ ಪರಿಚಯವಾದವಳು, ಆಚೆ ಏನೋ ಬರೆಯುತ್ತಿದ್ದಳು. ಖದೀಜ ಹತ್ತಿರ ಹೋದಳು. ಎಷ್ಟೋ ವಾರಗಳ ನಂತರ ಮೊದಲ ಸಲ ಕೈ ಚಾಚಿದಳು. ಹೊದಿಕೆಯ ಮೇಲೆ, ಹೊಕ್ಕುಳಿಂದ ಎರಡು ಬೆರಳು ಮೇಲೆ, ಸ್ವಲ್ಪ ಎಡಕ್ಕೆ, ಅಂಗೈಯನ್ನು ಎಲೆಯ ಹಾಗೆ ಹಗುರವಾಗಿ ಇಟ್ಟಳು.

ಮಿಡಿತ ಇಲ್ಲ.

ಅವಳು ಕಾದಳು. ಬೆರಳು ಸರಿಸಿ ನೋಡಿದಳು. ಏನೂ ಇಲ್ಲ.

"ಸಿಸ್ಟರ್! ಸಿಸ್ಟರ್, ನಿಂತು ಹೋಗಿದೆ! ಬಡೀತಾ ಇಲ್ಲ!"

ಲೂರ್ದ್ ಧಾವಿಸಿ ಬಂದು ಪರದೆ ನೋಡಿದಳು, ಮೋನುವಿನ ಮುಖ ನೋಡಿದಳು, ಆಮೇಲೆ ಖದೀಜಳ ಕೈ ಇರುವ ಜಾಗ ನೋಡಿದಳು.

"ಅಲ್ಲಿ ಬಡಿಯಬಾರದು ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು, ಬೀಬಿ? ಕೈ ತೆಗೀರಿ ಅಲ್ಲಿಂದ. ಇಲ್ಲಿ ಬನ್ನಿ."

ಅವಳು ಖದೀಜಳನ್ನು ಹಾಸಿಗೆಯ ಕೊನೆಗೆ ಕರೆದುಕೊಂಡು ಹೋಗಿ ಹೊದಿಕೆ ಸರಿಸಿದಳು. ಮೋನುವಿನ ಎರಡೂ ಪಾದಗಳ ಮೇಲೆ ಪೆನ್ನಿನಿಂದ ಒಂದೊಂದು ಅಡ್ಡಗೆರೆ ಹಾಕಿತ್ತು. "ರಕ್ತ ಕೆಳಗಿನವರೆಗೆ ಬರ್ತಾ ಉಂಟಾ ಅಂತ ಗಂಟೆಗೊಮ್ಮೆ ನಾವು ಇಲ್ಲಿ ನೋಡುವುದು. ಎರಡು ಬೆರಳು ಇಡಿ. ಒತ್ತಬೇಡಿ. ಒತ್ತಿದ್ರೆ ಸಿಗುವುದಿಲ್ಲ."

ಖದೀಜ ಇಟ್ಟಳು. ಮೊದಲು ತನ್ನದೇ ನಡುಕ ಸಿಕ್ಕಿತು. ಅದು ನಿಲ್ಲುವವರೆಗೆ ಕಾದಳು. ಆಮೇಲೆ, ಗೆರೆಯ ಅಡಿಯಲ್ಲಿ, ಇರುವೆ ನಡೆದಷ್ಟು ಸಣ್ಣಗೆ, ಬಂತು. ಹೋಯಿತು. ಮತ್ತೆ ಬಂತು.

ಮೇಲಿನಿಂದ ಒಣಗಿದ ಧ್ವನಿ ಕೇಳಿಸಿತು. ಮೋನು ಕಣ್ಣು ತೆರೆದಿರಲಿಲ್ಲ.

"ಎಂತ, ಅಷ್ಟು ಕೆಳಗೆ ಜಾರಿದೆಯಾ?"

ಲೂರ್ದ್ ಬಾಯಿಗೆ ಕೈ ಹಿಡಿದು ನಕ್ಕಳು. ಖದೀಜ ನಗಲಿಲ್ಲ. ನಕ್ಕರೆ ಬೆರಳು ಅಲುಗುತ್ತಿತ್ತು.